ಗಣ್ಯರ ಆರೋಗ್ಯ, ಮಠ, ರಾಜಕೀಯ ಮತ್ತು ಬ್ರೇಕಿಂಗ್ ನ್ಯೂಸ್: ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡವರೊಬ್ಬರು ಆಸ್ಪತ್ರೆ ಸೇರಿದರು ಅಂದ ತಕ್ಷಣ ಎಲ್ಲರ ಮನೆಯಲ್ಲೂ ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು ಏಳುತ್ತವೆ. ಟಿವಿ ಹೇಳುತ್ತಿರೋದು ನಿಜವಾ? ಆಸ್ಪತ್ರೆಯವರು ಏನನ್ನೋ ಮುಚ್ಚಿಡುತ್ತಿದ್ದಾರಾ? ಅದಕ್ಕೆ ಮಠವೋ, ಪಕ್ಷವೋ, ಚುನಾವಣೆಯೋ ಸೇರಿಕೊಂಡರೆ ಗೊಂದಲ ಇನ್ನೂ ಜಾಸ್ತಿ. ನಮ್ಮ ಸುತ್ತ ನಡೆದ ಘಟನೆಗಳನ್ನೇ ಮುಂದಿಟ್ಟುಕೊಂಡು ಈ ಪ್ರಶ್ನೆಗಳಿಗೆ ಉತ್ತರ ಬರೆದಿದ್ದೇನೆ.

ಟಿವಿ ಒಂದು ಹೇಳುತ್ತೆ, ಯೂಟ್ಯೂಬ್ ಇನ್ನೊಂದು ಹೇಳುತ್ತೆ. ಯಾವುದನ್ನು ನಂಬಲಿ?

ಹೇಳಿದವರು ಯಾರು ಅಂತ ಮೊದಲು ನೋಡಿ. ಚಿಕಿತ್ಸೆ ಕೊಡುತ್ತಿರುವ ಆಸ್ಪತ್ರೆ, ಮನೆಯವರು, ಸ್ವಾಮೀಜಿಯಾದರೆ ಮಠದ ಆಡಳಿತ, ಅಧಿಕಾರದಲ್ಲಿರುವವರಾದರೆ ಸರ್ಕಾರ. ಇವರಲ್ಲಿ ಒಬ್ಬರ ಹೆಸರೂ ಇಲ್ಲದಿದ್ದರೆ ಆ ಸುದ್ದಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. 'ಆಸ್ಪತ್ರೆ ಮೂಲಗಳ ಪ್ರಕಾರ' ಅನ್ನುವ ಸಾಲಿನ ಹಿಂದೆ ಹಿರಿಯ ವೈದ್ಯರೂ ಇರಬಹುದು, ಗೇಟಿನ ಹತ್ತಿರ ನಿಂತವರೂ ಇರಬಹುದು. ನೋಡುವ ನಮಗೆ ಅದು ಗೊತ್ತಾಗುವ ದಾರಿಯೇ ಇಲ್ಲ.

ಮೆಡಿಕಲ್ ಬುಲೆಟಿನ್ ಬಂದಿದ್ದರೆ ಅದನ್ನೇ ಓದಿ, ಅದರ ಬಗ್ಗೆ ಆ್ಯಂಕರ್ ಕೊಡುವ ವಿವರಣೆಯನ್ನಲ್ಲ. ಬುಲೆಟಿನ್ ಅಂದರೆ ಸಾಮಾನ್ಯವಾಗಿ ಒಂದೇ ಹಾಳೆ. ಮೇಲೆ ಆಸ್ಪತ್ರೆಯ ಹೆಸರು, ದಿನಾಂಕ, ಸಮಯ. ಕೆಳಗೆ ನಾಲ್ಕೈದು ಸಾಲು, ಕೊನೆಯಲ್ಲಿ ಮೆಡಿಕಲ್ ಡೈರೆಕ್ಟರ್ ಅಥವಾ ಅಧೀಕ್ಷಕರ ಸಹಿ. ಇದರಲ್ಲಿ ಎಲ್ಲರೂ ಬಿಟ್ಟುಬಿಡೋದು ಸಮಯವನ್ನ. ಬೆಳಿಗ್ಗೆ 9 ಗಂಟೆಯ ಬುಲೆಟಿನ್ ಸಂಜೆ 6ಕ್ಕೂ 'ಈಗಷ್ಟೇ ಬಂದ ಸುದ್ದಿ' ಅಂತ ಓಡುತ್ತಿರುತ್ತದೆ. ಐಸಿಯುನಲ್ಲಿ ಇರುವವರ ಪಾಲಿಗೆ ಒಂಬತ್ತು ಗಂಟೆ ಅನ್ನೋದು ಬಹಳ ದೊಡ್ಡ ಅವಧಿ.

ಬುಲೆಟಿನ್‌ನಲ್ಲಿ 'ಸ್ಥಿರವಾಗಿದೆ' ಅಂತ ಇತ್ತು. ಮಾರನೇ ದಿನವೇ ತೀರಿಕೊಂಡರು. ಹಾಗಾದರೆ ಸುಳ್ಳು ಹೇಳಿದರಾ?

ಹೆಚ್ಚಿನ ಸಲ ಸುಳ್ಳಲ್ಲ. ನಾವು ಓದುವ ರೀತಿಯಲ್ಲಿ ತೊಂದರೆ ಇದೆ. ಸ್ಥಿರ ಅಂದರೆ ಹಿಂದಿನ ಬುಲೆಟಿನ್ ಹೊತ್ತಿಗೆ ಹೇಗಿದ್ದರೋ ಹಾಗೇ ಇದ್ದಾರೆ ಅಂತ. ಆಗಲೇ ತುಂಬಾ ಗಂಭೀರ ಸ್ಥಿತಿ ಇದ್ದರೆ ಈಗಲೂ ಅಷ್ಟೇ ಗಂಭೀರ. 'ಹಿಮೊಡೈನಮಿಕಲಿ ಸ್ಟೇಬಲ್' ಅಂತ ಬರೆದಿದ್ದರೆ ರಕ್ತದೊತ್ತಡ, ನಾಡಿ ಹಿಡಿತದಲ್ಲಿವೆ ಅಂತ ಅರ್ಥ. ಆ ಹಿಡಿತ ಔಷಧಿಯ ಬಲದಿಂದಲೂ ಬಂದಿರಬಹುದು.

ಇನ್ನೂ ಎರಡು ಗೊತ್ತಿದ್ದರೆ ಒಳ್ಳೆಯದು. ವೆಂಟಿಲೇಟರ್ ಉಸಿರಾಟಕ್ಕೆ ನೆರವಾಗುವ ಯಂತ್ರ. ಅದಕ್ಕೆ ಹಾಕಿದವರಲ್ಲಿ ಎಷ್ಟೋ ಜನ ಚೇತರಿಸಿಕೊಂಡು ಮನೆಗೆ ಬರುತ್ತಾರೆ. ಎಕ್ಮೋ ಅದಕ್ಕಿಂತ ಮುಂದಿನ ಹಂತ. ರಕ್ತವನ್ನು ದೇಹದ ಹೊರಗೆ ತಂದು, ಆಮ್ಲಜನಕ ಸೇರಿಸಿ, ಮತ್ತೆ ಒಳಗೆ ಕಳಿಸುತ್ತದೆ. ಬುಲೆಟಿನ್‌ನಲ್ಲಿ ಎಕ್ಮೋ ಅಂತ ಕಂಡರೆ ಹೃದಯವೋ ಶ್ವಾಸಕೋಶವೋ ತನ್ನ ಕೆಲಸ ಮಾಡುತ್ತಿಲ್ಲ ಅಂತ ತಿಳಿಯಬೇಕು. ಬುಲೆಟಿನ್ ಬರೆಯುವವರು ಮನೆಯವರ ಮನಸ್ಸನ್ನೂ ನೋಡಿಕೊಂಡೇ ಬರೆಯುತ್ತಾರೆ. ಹಾಗಾಗಿ ಅಲ್ಲಿ ಕಟುವಾದ ಪದ ಸಿಗೋದು ಕಡಿಮೆ.

ಬದುಕಿರುವವರನ್ನೇ ತೀರಿಕೊಂಡರು ಅಂತ ಹೇಳಿಬಿಡುತ್ತಾರಲ್ಲ, ಅದು ಹೇಗೆ ಆಗುತ್ತೆ?

2020ರ ಸೆಪ್ಟೆಂಬರ್ 17ರ ಸಂಜೆ ನಡೆದದ್ದನ್ನು ನೋಡಿ. ರಾಯಚೂರಿನ ಅಶೋಕ್ ಗಸ್ತಿ ಅವರು ರಾಜ್ಯಸಭೆಗೆ ಆಯ್ಕೆಯಾಗಿ ಪ್ರಮಾಣವಚನ ತೆಗೆದುಕೊಂಡು ಎರಡು ತಿಂಗಳೂ ಆಗಿರಲಿಲ್ಲ. ಕೊರೊನಾದಿಂದ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದರು. ಅವರು ತೀರಿಕೊಂಡರು ಅಂತ ಸುದ್ದಿ ಹಬ್ಬಿತು, ದೊಡ್ಡ ದೊಡ್ಡ ನಾಯಕರ ಸಂತಾಪಗಳು ಸಾಲುಸಾಲಾಗಿ ಬಂದವು. ಆಮೇಲೆ ಆಸ್ಪತ್ರೆಯೇ ಮುಂದೆ ಬಂದು, ಅವರು ಜೀವರಕ್ಷಕ ಸಾಧನಗಳ ನೆರವಿನಲ್ಲಿದ್ದಾರೆ, ಸ್ಥಿತಿ ತೀರಾ ಗಂಭೀರ ಅಂತ ಹೇಳಬೇಕಾಯಿತು. ಅವರು ಕೊನೆಯುಸಿರೆಳೆದದ್ದು ಅದೇ ರಾತ್ರಿ. ಹೇಗಿದ್ದರೂ ಅವತ್ತೇ ಹೋದರಲ್ಲ, ನಾಲ್ಕು ಗಂಟೆ ಹಿಂದೆಮುಂದೆ ಆದರೇನು ಅಂತ ಕೇಳುವವರಿದ್ದಾರೆ. ಐಸಿಯು ಬಾಗಿಲಲ್ಲಿ ಇನ್ನೂ ಆಸೆ ಇಟ್ಟುಕೊಂಡು ಕೂತವರ ಫೋನಿಗೆ 'ಆತ್ಮಕ್ಕೆ ಶಾಂತಿ ಸಿಗಲಿ' ಅಂತ ಮೆಸೇಜ್ ಬಂದರೆ ಹೇಗಿರುತ್ತದೆ ಅಂತ ಯೋಚಿಸಿ. ನನಗೆ ಇದು ಕ್ರೌರ್ಯವಾಗಿಯೇ ಕಾಣುತ್ತದೆ.

ಇಂಥ ತಪ್ಪು ಬೆಳೆಯುವ ರೀತಿ ಹೀಗೆ. ಆಸ್ಪತ್ರೆಗೆ ಹೋಗಿಬಂದ ಯಾರೋ 'ಇನ್ನು ಕಷ್ಟ' ಅನ್ನುತ್ತಾರೆ. ಆ ಮಾತು ಮೂರನೇ ಫೋನ್‌ಗೆ ತಲುಪುವಷ್ಟರಲ್ಲಿ 'ಹೋಗಿಬಿಟ್ಟರಂತೆ' ಆಗಿರುತ್ತದೆ. ಒಬ್ಬ ನಾಯಕರು ಎಲ್ಲರಿಗಿಂತ ಮೊದಲು ಸಂತಾಪ ಹೇಳುವ ಅವಸರದಲ್ಲಿ ಟ್ವೀಟ್ ಮಾಡುತ್ತಾರೆ. ಅಷ್ಟು ದೊಡ್ಡವರು ಹೇಳಿದ್ದಾರೆ ಅಂತ ಚಾನೆಲ್ ಸುದ್ದಿ ಓಡಿಸುತ್ತದೆ. ಚಾನೆಲ್‌ನಲ್ಲಿ ಬಂತು ಅಂತ ಉಳಿದ ನಾಯಕರು ಟ್ವೀಟ್ ಮಾಡುತ್ತಾರೆ. ಎಲ್ಲರೂ ಒಬ್ಬರನ್ನೊಬ್ಬರು ನಂಬಿರುತ್ತಾರೆ, ಆಸ್ಪತ್ರೆಗೆ ಫೋನ್ ಮಾಡಿ ಕೇಳಿದವರು ಒಬ್ಬರೂ ಇರಲ್ಲ. 2018ರ ಆಗಸ್ಟ್ 16ರಂದು ವಾಜಪೇಯಿ ಅವರು ಏಮ್ಸ್‌ನಲ್ಲಿ ಇನ್ನೂ ಬದುಕಿರುವಾಗಲೇ ಆಗಿನ ತ್ರಿಪುರಾ ರಾಜ್ಯಪಾಲ ತಥಾಗತ ರಾಯ್ ಸಂತಾಪದ ಟ್ವೀಟ್ ಹಾಕಿ, ಆಮೇಲೆ ಅಳಿಸಿ ಕ್ಷಮೆ ಕೇಳಿದ್ದರು. ಟಿವಿ ವರದಿ ನಂಬಿ ಹಾಕಿದೆ ಅಂದಿದ್ದರು. 2025ರ ನವೆಂಬರ್ 11ರಂದು ನಟ, ಮಾಜಿ ಸಂಸದ ಧರ್ಮೇಂದ್ರ ಅವರ ವಿಷಯದಲ್ಲೂ ಹೀಗೇ ಆಯಿತು. ಅವರ ಪತ್ನಿ ಹೇಮಾಮಾಲಿನಿ ಇದನ್ನು ಕ್ಷಮಿಸಲಾಗದ ಕೆಲಸ ಅಂತ ಬಹಿರಂಗವಾಗಿ ಬರೆದರು. ಧರ್ಮೇಂದ್ರ ತೀರಿಕೊಂಡದ್ದು ನವೆಂಬರ್ 24ಕ್ಕೆ.

ಸಾವಿನ ಸುದ್ದಿಯನ್ನು ಬೇಕಂತಲೇ ತಡ ಮಾಡಿ ಹೇಳುತ್ತಾರಾ?

ಕೆಲವು ಸಲ ಹೌದು. ತಡ ಮಾಡೋದೆಲ್ಲ ತಪ್ಪು ಅಂತ ನಾನು ಹೇಳಲ್ಲ.

2019ರ ಜನವರಿ 21, ಸೋಮವಾರ. ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ ಬೆಳಿಗ್ಗೆ 11.44ಕ್ಕೆ ಲಿಂಗೈಕ್ಯರಾದರು. 111 ವರ್ಷ. ಹೊರಗೆ ಸುದ್ದಿವಾಹಿನಿಗಳ ವ್ಯಾನುಗಳು ನಿಂತಿದ್ದವು, ನಾಯಕರು ಮಠದತ್ತ ಬರುತ್ತಿದ್ದರು, ಪೊಲೀಸ್ ಬಂದೋಬಸ್ತ್ ಬಿಗಿಯಾಗಿತ್ತು. ಆದರೂ ಸುದ್ದಿಯನ್ನು ಅಧಿಕೃತವಾಗಿ ಹೇಳಿದ್ದು ಮಧ್ಯಾಹ್ನ, ಮಠದ ಸಾವಿರಾರು ಮಕ್ಕಳ ಊಟ ಮುಗಿದ ಮೇಲೆ. ಮೊದಲೇ ಹೇಳಿದ್ದರೆ ಒಂದು ಮಗುವೂ ತಟ್ಟೆ ಮುಟ್ಟುತ್ತಿರಲಿಲ್ಲ. ಮಕ್ಕಳಿಗೆ ಊಟವಾದ ಮೇಲೆಯೇ ತಿಳಿಸಬೇಕು ಅನ್ನೋದು ಸ್ವಾಮೀಜಿಯವರದೇ ಇಚ್ಛೆಯಾಗಿತ್ತು ಅಂತ ಆಗ ವರದಿಯಾಯಿತು. ಜೀವನಪೂರ್ತಿ ಅನ್ನ, ಅಕ್ಷರ ಕೊಟ್ಟವರ ವಿಷಯದಲ್ಲಿ ಇದಕ್ಕಿಂತ ಸರಿಯಾದ ಕಾರಣ ಯಾವುದಿದೆ? ಅಂಥ ಎರಡು ಗಂಟೆಗೆ ಯಾವ ಚಾನೆಲ್ಲೂ ಕಾಯಬೇಕು.

ಇನ್ನೊಂದು ಕಾರಣ ಕಾನೂನು ಸುವ್ಯವಸ್ಥೆ. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ಕಲ್ಲುತೂರಾಟ, ಬೆಂಕಿ, ಗೋಲಿಬಾರ್ ಎಲ್ಲ ಆಗಿ ಹಲವರು ಜೀವ ಕಳೆದುಕೊಂಡರು. ಅದರ ನೆನಪು ಸರ್ಕಾರಕ್ಕೂ ಪೊಲೀಸರಿಗೂ ಇನ್ನೂ ಇದೆ. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ಆಸ್ಪತ್ರೆ ಸುತ್ತ ಪೊಲೀಸರು ಬಂದರು, ನಗರದಲ್ಲಿ ಮದ್ಯ ಮಾರಾಟ ನಿಲ್ಲಿಸಿದರು, ಕಂಠೀರವ ಕ್ರೀಡಾಂಗಣದಲ್ಲಿ ಅಂತಿಮ ದರ್ಶನಕ್ಕೆ ವ್ಯವಸ್ಥೆ ಆಯಿತು. ಲಕ್ಷಾಂತರ ಜನ ಅಳುತ್ತಾ ಬಂದು ಶಾಂತವಾಗಿ ಹೋದರು.

ಆದರೆ ಪಕ್ಷದ ಒಳಗಿನ ಲೆಕ್ಕಾಚಾರಕ್ಕಾಗಿ ತಡ ಮಾಡೋದನ್ನು ಒಪ್ಪಲು ಆಗಲ್ಲ. ಅದರ ಫಲ ಮುಂದಿನ ಪ್ರಶ್ನೆಯಲ್ಲಿದೆ.

ಮುಖ್ಯಮಂತ್ರಿಗೆ ಏನು ಕಾಯಿಲೆ ಅಂತ ತಿಳಿಯುವ ಹಕ್ಕು ಜನರಿಗೆ ಇಲ್ವಾ?

ಕಾಯಿಲೆಯ ಹೆಸರು ತಿಳಿಯುವ ಹಕ್ಕು ಇಲ್ಲ. ಅವರು ಕೆಲಸ ಮಾಡುವ ಸ್ಥಿತಿಯಲ್ಲಿದ್ದಾರಾ, ಇಲ್ಲದಿದ್ದರೆ ಆ ಕುರ್ಚಿಯ ಕೆಲಸ ಯಾರು ನೋಡುತ್ತಿದ್ದಾರೆ ಅಂತ ಕೇಳುವ ಹಕ್ಕು ಖಂಡಿತ ಇರಬೇಕು ಅನ್ನೋದು ನನ್ನ ನಿಲುವು. ನಮ್ಮ ಕಾನೂನು ಇಷ್ಟು ಸ್ಪಷ್ಟವಾಗಿ ಹೇಳಿಲ್ಲ. ಚುನಾವಣೆಗೆ ನಿಲ್ಲುವವರು ಕೊಡುವ ಪ್ರಮಾಣಪತ್ರದಲ್ಲಿ ಕ್ರಿಮಿನಲ್ ಕೇಸು, ಆಸ್ತಿ, ಸಾಲ, ಓದು ಎಲ್ಲ ಬರೆಯಬೇಕು. ಆರೋಗ್ಯದ ಕಾಲಮ್ಮೇ ಇಲ್ಲ. ಇನ್ನೊಂದು ಕಡೆ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿದೆ. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕು ಮಂತ್ರಿಗೂ ಇದೆ, ನಮಗೂ ಇದೆ.

ಮುಚ್ಚಿಟ್ಟರೆ ಏನಾಗುತ್ತದೆ ಅಂತ ತಿಳಿಯಲು ಜಯಲಲಿತಾ ಅವರ ಕೊನೆಯ 75 ದಿನ ನೋಡಬೇಕು. ಮೇಲುಕೋಟೆಯಲ್ಲಿ ಹುಟ್ಟಿ ತಮಿಳುನಾಡಿನ ಮುಖ್ಯಮಂತ್ರಿಯಾದವರು. 2016ರ ಸೆಪ್ಟೆಂಬರ್ 22ರ ರಾತ್ರಿ ಚೆನ್ನೈನ ಅಪೊಲೊ ಆಸ್ಪತ್ರೆ ಸೇರಿದರು. ಜ್ವರ, ನಿರ್ಜಲೀಕರಣ ಅಂತ ಮೊದಲ ಬುಲೆಟಿನ್. ದಿನಗಳು ವಾರಗಳಾದವು. ಒಂದು ಫೋಟೊ ಹೊರಬರಲಿಲ್ಲ. ನೋಡಲು ಬಂದ ನಾಯಕರು ವೈದ್ಯರನ್ನು ಮಾತಾಡಿಸಿಕೊಂಡು ಹಿಂತಿರುಗುತ್ತಿದ್ದರು. ಅಕ್ಟೋಬರ್‌ನಲ್ಲಿ ರಾಜ್ಯಪಾಲರು ಅವರ ಖಾತೆಗಳನ್ನು ಸಚಿವ ಪನ್ನೀರ್‌ಸೆಲ್ವಂ ಅವರಿಗೆ ವಹಿಸಿದರು. ಉಪಚುನಾವಣೆಗೆ ಪಕ್ಷದ ಅಭ್ಯರ್ಥಿಗಳ ಅರ್ಜಿಯಲ್ಲಿ ಅವರ ಸಹಿಯ ಜಾಗದಲ್ಲಿ ಹೆಬ್ಬೆಟ್ಟಿನ ಗುರುತು ಇತ್ತು. ಜನ ಮಾತಾಡದೆ ಇರುತ್ತಾರಾ? ವದಂತಿ ಹಬ್ಬಿಸಿದರು ಅಂತ ಪೊಲೀಸರು ಕೇಸು ಹಾಕಿ ಬಂಧಿಸಿದರು. ವದಂತಿ ಅದರಿಂದ ಕಡಿಮೆ ಆಗಲಿಲ್ಲ.

ಡಿಸೆಂಬರ್ 4ರ ಸಂಜೆ ಹೃದಯ ಸ್ತಂಭನ ಅಂತ ಪ್ರಕಟಣೆ ಬಂತು. 5ರ ಸಂಜೆ ಕೆಲವು ತಮಿಳು ಚಾನೆಲ್‌ಗಳು ಅವರು ಇನ್ನಿಲ್ಲ ಅಂದವು. ಪಕ್ಷದ ಕಚೇರಿಯಲ್ಲಿ ಬಾವುಟ ಅರ್ಧಕ್ಕೆ ಇಳಿಯಿತು. ಆಸ್ಪತ್ರೆ ಅಲ್ಲಗಳೆಯಿತು, ಬಾವುಟ ಮತ್ತೆ ಮೇಲೇರಿತು. ಕೊನೆಗೆ ಅವತ್ತು ರಾತ್ರಿ 11.30ಕ್ಕೆ ತೀರಿಕೊಂಡರು ಅಂತ ಆಸ್ಪತ್ರೆ ಹೇಳಿತು. ಬೆಳಕು ಹರಿಯುವ ಮುಂಚೆಯೇ ಹೊಸ ಮುಖ್ಯಮಂತ್ರಿಯ ಪ್ರಮಾಣವಚನ ಮುಗಿದಿತ್ತು.

ಮುಂದೆ ಈ ಸಾವಿನ ತನಿಖೆಗೆ ಆರುಮುಗಸ್ವಾಮಿ ಆಯೋಗ ಬಂತು. 2022ರ ಆಗಸ್ಟ್‌ನಲ್ಲಿ ಏಮ್ಸ್ ವೈದ್ಯರ ತಂಡ ಚಿಕಿತ್ಸೆಯಲ್ಲಿ ತಪ್ಪಿಲ್ಲ ಅಂತ ವರದಿ ಕೊಟ್ಟಿತು. ಅದೇ ಅಕ್ಟೋಬರ್‌ನಲ್ಲಿ ವಿಧಾನಸಭೆಯಲ್ಲಿ ಮಂಡನೆಯಾದ ಆಯೋಗದ ವರದಿ, ಸಾವು ಡಿಸೆಂಬರ್ 4ರ ಮಧ್ಯಾಹ್ನವೇ ಆಗಿತ್ತು ಅಂತ ಹೇಳಿತು. ಇಷ್ಟು ವರ್ಷ ಕಳೆದರೂ ಒಬ್ಬ ಮುಖ್ಯಮಂತ್ರಿ ಯಾವ ದಿನ ತೀರಿಕೊಂಡರು ಅನ್ನುವ ವಿಷಯದಲ್ಲೇ ಒಮ್ಮತ ಇಲ್ಲ. ಮೊದಲ ವಾರದಿಂದಲೇ ದಿನಕ್ಕೊಂದು ನೇರವಾದ ಬುಲೆಟಿನ್ ಬಂದಿದ್ದರೆ ಇದರಲ್ಲಿ ಬಹುಪಾಲು ಅನುಮಾನ ಹುಟ್ಟುತ್ತಲೇ ಇರಲಿಲ್ಲ ಅಂತ ನನಗೆ ಅನಿಸುತ್ತದೆ.

ಕರ್ನಾಟಕದಲ್ಲಿ ಚೆನ್ನಾಗಿ ನಿಭಾಯಿಸಿದ ಉದಾಹರಣೆ ಇದೆಯಾ?

ಇದೆ. 2020ರ ಆಗಸ್ಟ್ 2ರ ರಾತ್ರಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ತಮಗೆ ಕೊರೊನಾ ಬಂದಿದೆ ಅಂತ ತಾವೇ ಟ್ವೀಟ್ ಮಾಡಿದರು. ಎರಡೇ ದಿನದಲ್ಲಿ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ ಕೂಡ ಹಾಗೇ ತಿಳಿಸಿದರು. ಇಬ್ಬರೂ ಒಂದೇ ಆಸ್ಪತ್ರೆಯಲ್ಲಿದ್ದರು. ವಿಷಯ ಅವರ ಬಾಯಿಂದಲೇ ಬಂದಿದ್ದರಿಂದ ಊಹಾಪೋಹಕ್ಕೆ ಜಾಸ್ತಿ ಜಾಗ ಉಳಿಯಲಿಲ್ಲ. ಅದೇ ತಿಂಗಳು ಎಸ್.ಪಿ. ಬಾಲಸುಬ್ರಹ್ಮಣ್ಯಂ ಆಸ್ಪತ್ರೆಯಲ್ಲಿದ್ದಾಗ ಅವರ ಮಗ ಚರಣ್ ಮತ್ತೆ ಮತ್ತೆ ವಿಡಿಯೊ ಮಾಡಿ ಅಪ್ಪ ಹೇಗಿದ್ದಾರೆ ಅಂತ ಹೇಳುತ್ತಿದ್ದರು. ಎಸ್‌ಪಿಬಿ ಅವರ ದನಿ ಕೇಳಿ ಬೆಳೆದ ಕನ್ನಡದ ಮನೆಗಳೂ ಆ ವಿಡಿಯೊಗಳಿಗೆ ಕಾಯುತ್ತಿದ್ದವು.

ಸ್ವಾಮೀಜಿಗಳು ಆಸ್ಪತ್ರೆ ಸೇರಿದರೆ ರಾಜಕಾರಣಿಗಳ ಸುದ್ದಿಯೇ ಜಾಸ್ತಿ ಬರುತ್ತಲ್ಲ, ಯಾಕೆ?

ಕ್ಯಾಮೆರಾ ಐಸಿಯು ಒಳಗೆ ಹೋಗುವಂತಿಲ್ಲ. ಗೇಟಿನಲ್ಲಿ ನಿಂತಿರುತ್ತದೆ. ಗೇಟಿಗೆ ಬರುವವರು ನಾಯಕರು. ಅವರು ಕಾರಿಂದ ಇಳಿದು ಒಂದು ಬೈಟ್ ಕೊಟ್ಟು ಹೋಗುತ್ತಾರೆ. 24 ಗಂಟೆ ತುಂಬಿಸಬೇಕಾದ ಚಾನೆಲ್‌ಗೆ ಸಿಗೋದು ಅಷ್ಟೇ.

ಪೇಜಾವರ ಮಠದ ವಿಶ್ವೇಶತೀರ್ಥರು 2019ರ ಡಿಸೆಂಬರ್ 20ರಂದು ಉಸಿರಾಟದ ತೊಂದರೆಯಿಂದ ಮಣಿಪಾಲದ ಕೆಎಂಸಿ ಸೇರಿದರು. ಮುಂದಿನ ದಿನಗಳಲ್ಲಿ ಗಣ್ಯರು ಬಂದು ಹೋಗುವುದೇ ದೊಡ್ಡ ಸುದ್ದಿಯಾಯಿತು. ನನಗೆ ಮುಖ್ಯ ಅನಿಸಿದ್ದು ಬೇರೆ. ಕೊನೆಯ ದಿನಗಳನ್ನು ಮಠದಲ್ಲೇ ಕಳೆಯಬೇಕು ಅನ್ನೋದು ಅವರ ಇಚ್ಛೆ. ಡಿಸೆಂಬರ್ 29ರ ಬೆಳಿಗ್ಗೆ ಅವರನ್ನು ಆಸ್ಪತ್ರೆಯಿಂದ ಉಡುಪಿಯ ಮಠಕ್ಕೆ ಕರೆತಂದರು, ಅಲ್ಲೇ ಅವರು ಕೊನೆಯುಸಿರೆಳೆದರು. ಇನ್ನು ಚಿಕಿತ್ಸೆ ಸಾಕು, ಮನೆಗೆ ಹೋಗೋಣ ಅನ್ನುವ ತೀರ್ಮಾನ ಎಷ್ಟೊಂದು ಮನೆಗಳಲ್ಲಿ ದಿನವೂ ಆಗುತ್ತಿರುತ್ತದೆ. ಅಂಥ ಸಂದರ್ಭದಲ್ಲಿ ವೈದ್ಯರು ಏನು ನೋಡುತ್ತಾರೆ, ನೋವು ಕಡಿಮೆ ಮಾಡುವ ಆರೈಕೆ ಹೇಗಿರುತ್ತದೆ ಅಂತ ವಿವರಿಸುವ ಒಂದು ಅರ್ಧ ಗಂಟೆ ಕಾರ್ಯಕ್ರಮ ಮಾಡಿದ್ದರೆ ನೋಡಿದವರಿಗೆ ಉಪಕಾರವಾಗುತ್ತಿತ್ತು.

ರಾಜಕೀಯ ಸಾವಿನ ನಂತರವೂ ಮುಂದುವರಿಯುತ್ತದೆ. ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದ ನಾಲ್ಕು ದಿನಕ್ಕೆ ಭಾರತರತ್ನ ಪ್ರಕಟವಾಯಿತು. ಪ್ರಣಬ್ ಮುಖರ್ಜಿ, ನಾನಾಜಿ ದೇಶಮುಖ್, ಭೂಪೇನ್ ಹಜಾರಿಕಾ ಹೆಸರು ಇತ್ತು, ಸ್ವಾಮೀಜಿ ಹೆಸರು ಇರಲಿಲ್ಲ. ಭಕ್ತರಿಗೆ ನೋವಾಗಿದ್ದು ನಿಜ. ಆದರೆ ಅದು ಲೋಕಸಭೆ ಚುನಾವಣೆಯ ವರ್ಷ. ಪಕ್ಷಗಳ ಕೆಸರೆರಚಾಟವೇ ಪ್ಯಾನೆಲ್ ಚರ್ಚೆಯಾಗಿಬಿಟ್ಟಿತು.

'ಸ್ವಾಮೀಜಿ ನನ್ನ ಹತ್ತಿರ ಹೀಗೆ ಹೇಳಿದರು' ಅಂತ ರಾಜಕಾರಣಿ ಹೇಳಿದರೆ?

ಸ್ವಾಮೀಜಿಯ ಬಾಯಿಂದ ಅಥವಾ ಮಠದ ಲಿಖಿತ ಹೇಳಿಕೆಯಿಂದ ಬರುವ ತನಕ ಅದು ಆ ರಾಜಕಾರಣಿಯ ಮಾತು ಮಾತ್ರ. 2017ರ ಸೆಪ್ಟೆಂಬರ್‌ನಲ್ಲಿ, ಪ್ರತ್ಯೇಕ ಲಿಂಗಾಯತ ಧರ್ಮದ ಚರ್ಚೆ ಬಿಸಿಯಾಗಿದ್ದಾಗ, ಸಚಿವರಾಗಿದ್ದ ಎಂ.ಬಿ. ಪಾಟೀಲ ಸಿದ್ಧಗಂಗಾ ಶ್ರೀಗಳನ್ನು ಭೇಟಿಯಾಗಿ ಬಂದು, ಅವರ ಬೆಂಬಲ ಪ್ರತ್ಯೇಕ ಧರ್ಮಕ್ಕಿದೆ ಅಂದರು. ಮಠದ ಕಡೆಯಿಂದ ಅದನ್ನು ಅಲ್ಲಗಳೆಯುವ ಹೇಳಿಕೆ ಬಂತು. ಸ್ವಾಮೀಜಿಗೆ ಆಗ 110 ವರ್ಷ. ಆ ವಯಸ್ಸಿನವರ ಎರಡು ಮಾತನ್ನು ಒಬ್ಬರು ಒಂದು ರೀತಿ, ಇನ್ನೊಬ್ಬರು ಇನ್ನೊಂದು ರೀತಿ ಹೊರಗೆ ತಂದರೆ, ಅದನ್ನು ಹಾಗೇ ಶೀರ್ಷಿಕೆ ಮಾಡೋದು ಸರಿಯಲ್ಲ. ಭೇಟಿಯಲ್ಲಿ ಬೇರೆ ಯಾರಿದ್ದರು, ಮಠದವರು ಏನಂತಾರೆ ಅಂತ ಕೇಳಿ ಎರಡನ್ನೂ ಒಟ್ಟಿಗೆ ಬರೆಯಬೇಕು. ಪತ್ರಿಕೆಯ ಹಳೆಯ ಪಾಠ ಇದು, ಈಗ ಬೇಗ ಮರೆತುಹೋಗುತ್ತಿದೆ.

ಬೇರೆ ಧರ್ಮಗುರುಗಳ ವಿಷಯದಲ್ಲಿ ಹೇಗೆ ಮಾಡುತ್ತಾರೆ?

ಪೋಪ್ ಫ್ರಾನ್ಸಿಸ್ ಅವರ ಕೊನೆಯ ತಿಂಗಳುಗಳನ್ನು ನೋಡಬಹುದು. 2025ರ ಫೆಬ್ರುವರಿ 14ರಂದು ರೋಮ್‌ನ ಜೆಮೆಲ್ಲಿ ಆಸ್ಪತ್ರೆ ಸೇರಿದರು, ಮಾರ್ಚ್ 23ರ ತನಕ ಅಲ್ಲಿದ್ದರು. ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯಾ. ವ್ಯಾಟಿಕನ್ ಬೆಳಿಗ್ಗೆ ಒಂದು ಚಿಕ್ಕ ಸಾಲು, ಸಂಜೆ ವೈದ್ಯರ ವರದಿ ಅಂತ ಕೊಡುತ್ತಾ ಬಂತು. ಉಸಿರಾಟಕ್ಕೆ ಕಷ್ಟವಾದ ದಿನ ಹಾಗೇ ಹೇಳಿದರು, ರಕ್ತ ಕೊಟ್ಟ ದಿನ ಅದನ್ನೂ ಹೇಳಿದರು. ನಡುವೆ ಒಮ್ಮೆ ಅವರದೇ ದನಿಯ ಚಿಕ್ಕ ಧ್ವನಿಮುದ್ರಣ ಕೇಳಿಸಿದರು. ದನಿ ಬಹಳ ಕ್ಷೀಣವಾಗಿತ್ತು, ಆದರೂ ಮುಚ್ಚಿಡಲಿಲ್ಲ. ಏಪ್ರಿಲ್ 21ರಂದು ತೀರಿಕೊಂಡಾಗ ಅದೇ ದಿನ ವೈದ್ಯರ ಪ್ರಮಾಣಪತ್ರ ಹೊರಬಂತು, ಪಾರ್ಶ್ವವಾಯು ಮತ್ತು ಹೃದಯ ವೈಫಲ್ಯ ಅಂತ ಕಾರಣ ಅದರಲ್ಲೇ ಇತ್ತು. ಇಷ್ಟಾದರೂ ಸುಳ್ಳು ಸಾವಿನ ಸುದ್ದಿ, ಎಐನಲ್ಲಿ ಮಾಡಿದ ಫೋಟೊಗಳು ಬರದೆ ಇರಲಿಲ್ಲ. ಆದರೆ ಅನುಮಾನ ಬಂದವರು ಹೋಗಿ ನೋಡಲು ಒಂದು ಜಾಗ ಇತ್ತು. ನಮ್ಮ ದೊಡ್ಡ ಮಠಗಳು, ದರ್ಗಾಗಳು, ಚರ್ಚುಗಳು ಇದನ್ನು ಮಾಡೋದು ಕಷ್ಟವೇನಲ್ಲ. ದಿನಕ್ಕೊಂದು ಹೊತ್ತು, ಒಬ್ಬರೇ ವಕ್ತಾರರು ಇದ್ದರೆ ಸಾಕು.

ಆಸ್ಪತ್ರೆಯ ಡಾಕ್ಟರ್ ನೇರವಾಗಿ ಮಾಧ್ಯಮಕ್ಕೆ ಹೇಳಬಹುದಾ?

ರೋಗಿ ಅಥವಾ ಮನೆಯವರು ಒಪ್ಪದೆ ಹೇಳುವಂತಿಲ್ಲ. ವೈದ್ಯರ ನಡವಳಿಕೆಯ 2002ರ ನಿಯಮಗಳ ಪ್ರಕಾರ ರೋಗಿಯ ಗುಟ್ಟು ಹೊರಗೆ ಬಿಡಬಾರದು. ಕೋರ್ಟ್ ಆದೇಶ, ಬೇರೆಯವರಿಗೆ ಗಂಭೀರ ಅಪಾಯ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ, ಹೀಗೆ ಕೆಲವೇ ವಿನಾಯಿತಿ. ಸ್ಟುಡಿಯೊದಲ್ಲಿ ಕೂತು ರೋಗಿಯನ್ನು ನೋಡದೆಯೇ 'ಬಹುಶಃ ಹೀಗಾಗಿರಬೇಕು' ಅನ್ನುವ ವೈದ್ಯರ ಮಾತನ್ನು ಸಾಮಾನ್ಯ ಮಾಹಿತಿಯಾಗಿ ಮಾತ್ರ ಕೇಳಿ.

ಪುನೀತ್ ಹೋದ ಮೇಲೆ ಬಂದ ಸುದ್ದಿಗಳಿಂದ ಒಳ್ಳೆಯದಾಯ್ತಾ, ಕೆಟ್ಟದ್ದಾಯ್ತಾ?

ಎರಡೂ ಆಯಿತು. 46ರ, ದಿನವೂ ವ್ಯಾಯಾಮ ಮಾಡುತ್ತಿದ್ದ ಮನುಷ್ಯ ಹಠಾತ್ತಾಗಿ ಹೋದರು. ಜಿಮ್ಮೇ ಕಾರಣ ಅಂತ ಗಂಟೆಗಟ್ಟಲೆ ಚರ್ಚೆ ನಡೆಯಿತು. ಭಯಬಿದ್ದ ಜನ ಜಯದೇವ ಆಸ್ಪತ್ರೆಯಲ್ಲಿ ಹೃದಯ ತಪಾಸಣೆಗೆ ಸಾಲು ನಿಂತರು. ಇನ್ನೂ ಬೇಸರದ ವಿಷಯ ಅಂದರೆ, ಮೊದಲು ನೋಡಿದ ವೈದ್ಯರು ಸರಿಯಾಗಿ ಚಿಕಿತ್ಸೆ ಕೊಡಲಿಲ್ಲ ಅಂತ ಪರದೆಯ ಮೇಲೇ ವಿಚಾರಣೆ ಶುರುವಾಯಿತು. ಆ ವೈದ್ಯರಿಗೆ ಪೊಲೀಸ್ ರಕ್ಷಣೆ ಕೊಡಬೇಕಾಯಿತು. ಖಾಸಗಿ ಆಸ್ಪತ್ರೆಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆಯಿತು. ಸಾವಿಗೆ ಯಾರನ್ನಾದರೂ ಹೊಣೆ ಮಾಡಲೇಬೇಕು ಅನ್ನುವ ಅಭಿಮಾನಿಯ ಸಂಕಟ ನನಗೆ ಅರ್ಥವಾಗುತ್ತದೆ. ಆ ಸಂಕಟಕ್ಕೆ ಒಬ್ಬ ವೈದ್ಯರ ಫೋಟೊ ತೋರಿಸಿ ಗುರಿ ಮಾಡಿಕೊಡೋದು ಅಪಾಯಕಾರಿ ಕೆಲಸ.

ಒಳ್ಳೆಯದು ಅಂದರೆ ಅವರ ಕಣ್ಣುದಾನದ ಸುದ್ದಿ. ನಾರಾಯಣ ನೇತ್ರಾಲಯದಲ್ಲಿ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಅದನ್ನು ಮಾಧ್ಯಮಗಳು ಮತ್ತೆ ಮತ್ತೆ ಹೇಳಿದವು, ನೇತ್ರದಾನಕ್ಕೆ ಹೆಸರು ಕೊಡುವವರು ಎಲ್ಲ ಊರುಗಳಲ್ಲೂ ಮುಂದೆ ಬಂದರು. ಸುದ್ದಿಗೆ ಇಂಥ ಶಕ್ತಿಯೂ ಇದೆ.

ಕಾಯಿಲೆಯ ಸುದ್ದಿ ಧರ್ಮದ ಜಗಳವಾಗಿ ತಿರುಗೋದು ಹೇಗೆ?

2020ರ ಮಾರ್ಚ್ ಕೊನೆಯಲ್ಲಿ ದೆಹಲಿಯ ನಿಜಾಮುದ್ದೀನ್ ಮರ್ಕಜ್‌ನಲ್ಲಿ ನಡೆದ ತಬ್ಲೀಗಿ ಜಮಾತ್ ಅನ್ನುವ ಮುಸ್ಲಿಂ ಧಾರ್ಮಿಕ ಸಂಘಟನೆಯ ಸಭೆಗೆ ಹೋದವರಲ್ಲಿ ಕೊರೊನಾ ಕಂಡಿತು. ಅಲ್ಲಿಗೆ ಹೋದವರನ್ನು ಹುಡುಕಿ ಪರೀಕ್ಷೆ ಮಾಡಬೇಕಿತ್ತು, ಅದು ಆರೋಗ್ಯ ಇಲಾಖೆಯ ಕೆಲಸ, ಸುದ್ದಿಯೂ ಹೌದು. ಆದರೆ ಬೇಗನೆ ಪರದೆಯ ಮೇಲೆ 'ಕೊರೊನಾ ಜಿಹಾದ್' ಅಂತ ಬಂತು. ತರಕಾರಿ ಗಾಡಿಯವನ ಹೆಸರು ಕೇಳಿ ಜನ ಬಾಗಿಲು ಹಾಕಿಕೊಂಡರು. ಆಗ ಮುಖ್ಯಮಂತ್ರಿ ಯಡಿಯೂರಪ್ಪ ಟಿವಿಯಲ್ಲೇ, ಮುಸ್ಲಿಮರ ವಿರುದ್ಧ ಯಾರೂ ಮಾತಾಡಬಾರದು, ಇದು ಎಚ್ಚರಿಕೆ ಅಂತ ಖಡಕ್ಕಾಗಿ ಹೇಳಿದರು. ಆ ಮಾತನ್ನು ಈಗಲೂ ನೆನೆಯಬೇಕು. ಅದೇ ವರ್ಷ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗಿಗಳ ಮೇಲಿನ ಎಫ್‌ಐಆರ್‌ಗಳನ್ನು ರದ್ದು ಮಾಡಿತು. ಪತ್ರಿಕೆ, ಟಿವಿಗಳಲ್ಲಿ ಅವರ ವಿರುದ್ಧ ದೊಡ್ಡ ಪ್ರಚಾರವೇ ನಡೆಯಿತು ಅಂತ ತೀರ್ಪಿನಲ್ಲೇ ಬರೆಯಿತು. ಎಫ್‌ಐಆರ್ ಸುದ್ದಿಗೆ ಸಿಕ್ಕ ಜಾಗ ತೀರ್ಪಿಗೆ ಎಷ್ಟು ಚಾನೆಲ್‌ಗಳಲ್ಲಿ ಸಿಕ್ಕಿತು?

ಸರ್ಕಾರವೂ ಎಡವಿತ್ತು. ಮಾರ್ಚ್‌ನಲ್ಲಿ ಕ್ವಾರಂಟೈನ್‌ನಲ್ಲಿದ್ದವರ ಮನೆ ವಿಳಾಸಗಳನ್ನು ಕರ್ನಾಟಕ ಸರ್ಕಾರವೇ ಬಹಿರಂಗ ಮಾಡಿತ್ತು. ಆ ಪಟ್ಟಿ ವಾಟ್ಸ್‌ಆ್ಯಪ್‌ಗೆ ಹೋಗಲು ಎಷ್ಟು ಹೊತ್ತು ಬೇಕು ಹೇಳಿ.

ಸುಳ್ಳು ಅಥವಾ ದ್ವೇಷದ ಸುದ್ದಿ ಬಂದರೆ ದೂರು ಕೊಡಬಹುದಾ? ಪ್ರಯೋಜನ ಇದೆಯಾ?

ಕೊಡಬಹುದು. ಪತ್ರಿಕೆಯಾದರೆ ಮೊದಲು ಸಂಪಾದಕರಿಗೆ ಬರೆಯಿರಿ, ಉತ್ತರ ಸರಿಯಾಗಿ ಬರದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ. ದಿನಪತ್ರಿಕೆ, ವಾರಪತ್ರಿಕೆಗಳಾದರೆ ಪ್ರಕಟವಾದ ಎರಡು ತಿಂಗಳ ಒಳಗೆ. ಮಂಡಳಿ ಛೀಮಾರಿ ಹಾಕಬಹುದು, ದಂಡ ಹಾಕುವ ಅಧಿಕಾರ ಇಲ್ಲ.

ಟಿವಿಗೆ 2021ರ ನಿಯಮದ ಪ್ರಕಾರ ಮೊದಲ ದೂರು ಚಾನೆಲ್‌ಗೇ. 15 ದಿನದಲ್ಲಿ ಅವರು ತೀರ್ಮಾನ ಹೇಳಬೇಕು. ಅದು ಒಪ್ಪಿಗೆಯಾಗದಿದ್ದರೆ ಆ ಚಾನೆಲ್ ಸದಸ್ಯನಾಗಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ, ಕೊನೆಗೆ ಕೇಂದ್ರ ಸರ್ಕಾರಕ್ಕೆ. ದೂರಿನಲ್ಲಿ ದಿನಾಂಕ, ಸಮಯ, ಕಾರ್ಯಕ್ರಮದ ಹೆಸರು ಇರಲಿ. ವಿಡಿಯೊ ಲಿಂಕ್ ಇದ್ದರೆ ಕೂಡಲೇ ಉಳಿಸಿಟ್ಟುಕೊಳ್ಳಿ, ಆಮೇಲೆ ಸಿಗದೆ ಹೋಗಬಹುದು. 'ನಿಮ್ಮ ಚಾನೆಲ್ ಸರಿಯಿಲ್ಲ' ಅಂತ ಬರೆದರೆ ಏನೂ ಆಗಲ್ಲ. ಇಷ್ಟು ಗಂಟೆಗೆ ಈ ವಾಕ್ಯ ಬಂತು, ಇದು ಈ ಕಾರಣಕ್ಕೆ ಸುಳ್ಳು ಅಂತ ಬರೆಯಿರಿ.

ಪ್ರಯೋಜನ ಕೆಲವು ಸಲ ಆಗಿದೆ. ಉಡುಪಿಯ ಕಾಲೇಜಿನಲ್ಲಿ ಶುರುವಾದ ಹಿಜಾಬ್ ವಿವಾದದ ಬಗ್ಗೆ 2022ರ ಏಪ್ರಿಲ್‌ನಲ್ಲಿ ನ್ಯೂಸ್18 ಇಂಡಿಯಾ ಒಂದು ಚರ್ಚೆ ನಡೆಸಿತ್ತು. ಹಿಜಾಬ್ ಪರ ಮಾತಾಡಿದವರನ್ನು ಭಯೋತ್ಪಾದಕ ಸಂಘಟನೆ ಅಲ್‌ಖೈದಾದ ನಾಯಕ ಜವಾಹಿರಿಯ ಜೊತೆ ತಳಕು ಹಾಕಿತ್ತು. ವೀಕ್ಷಕರೊಬ್ಬರ ದೂರಿನ ಮೇಲೆ ಸುದ್ದಿ ಚಾನೆಲ್‌ಗಳ ಸ್ವಯಂ ನಿಯಂತ್ರಣ ಸಂಸ್ಥೆ ಎನ್‌ಬಿಡಿಎಸ್‌ಎ ಅದೇ ವರ್ಷ ಅಕ್ಟೋಬರ್‌ನಲ್ಲಿ 50 ಸಾವಿರ ರೂಪಾಯಿ ದಂಡ ಹಾಕಿ, ವಿಡಿಯೊ ತೆಗೆಯಲು ಹೇಳಿತು. ದೊಡ್ಡ ಚಾನೆಲ್‌ಗೆ ಅದು ಸಣ್ಣ ಮೊತ್ತ. ಆದರೂ ತಪ್ಪು ಅಂತ ಬರಹದಲ್ಲಿ ದಾಖಲಾಯಿತು. ಅದೇ ವರ್ಷದ ಫೆಬ್ರುವರಿಯಲ್ಲಿ ನಮ್ಮ ಶಾಲೆಗಳ ಗೇಟಿನ ಮುಂದೆ ಕ್ಯಾಮೆರಾ ಹಿಡಿದವರು ಪುಟ್ಟ ಹುಡುಗಿಯರ ಹಿಂದೆ ಓಡಿದ್ದನ್ನು ನಾವೆಲ್ಲ ನೋಡಿದ್ದೇವೆ. ಅದಕ್ಕೂ ಯಾರಾದರೂ ಹೀಗೇ ಕೂತು ದೂರು ಬರೆಯಬೇಕಿತ್ತು.

ಆಸ್ಪತ್ರೆ ಒಳಗಿನ ಫೋಟೊ, ವಿಡಿಯೊ ಗುಂಪಿನಲ್ಲಿ ಬಂದಿದೆ. ಎಲ್ಲರೂ ನೋಡಿಬಿಟ್ಟಿದ್ದಾರೆ, ನಾನೂ ಕಳಿಸಿದರೆ ತಪ್ಪಾ?

ಕಳಿಸಬೇಡಿ. ಹಾಸಿಗೆಯಲ್ಲಿ ಎಚ್ಚರ ಇಲ್ಲದೆ ಮಲಗಿದವರು ಆ ವಿಡಿಯೊಗೆ ಒಪ್ಪಿಗೆ ಕೊಟ್ಟಿರಲ್ಲ. ಅದು ಯಾಕೆ ಹೊರಬಂತು ಅಂತಲೂ ಕೇಳಿಕೊಳ್ಳಿ. ಜಯಲಲಿತಾ ಆಸ್ಪತ್ರೆಯಲ್ಲಿ ಜ್ಯೂಸ್ ಕುಡಿಯುತ್ತಿರುವ ವಿಡಿಯೊ ಬಂದಿದ್ದು ಅವರು ಹೋದ ಒಂದು ವರ್ಷದ ಮೇಲೆ, 2017ರ ಡಿಸೆಂಬರ್ 20ಕ್ಕೆ. ಅವರದೇ ಕ್ಷೇತ್ರವಾಗಿದ್ದ ಆರ್.ಕೆ. ನಗರದ ಉಪಚುನಾವಣೆಯ ಮತದಾನ ಮಾರನೇ ದಿನ ಇತ್ತು. ಪ್ರಸಾರ ಮಾಡಬೇಡಿ ಅಂತ ಚುನಾವಣಾ ಆಯೋಗ ಚಾನೆಲ್‌ಗಳಿಗೆ ಹೇಳಬೇಕಾಯಿತು.

ಸುದ್ದಿ ನಂಬಿ ಶ್ರದ್ಧಾಂಜಲಿ ಪೋಸ್ಟ್ ಹಾಕಿಬಿಟ್ಟೆ. ಅವರು ಬದುಕಿದ್ದಾರೆ. ಈಗ ಏನು ಮಾಡಲಿ?

ಪೋಸ್ಟ್ ಅಳಿಸಿ. ಸುಮ್ನೆ ಅಳಿಸಿ ಬಿಟ್ಟರೆ ಸಾಲದು, ಯಾಕಂದರೆ ನಿಮ್ಮಿಂದ ತಗೊಂಡು ಮುಂದೆ ಕಳಿಸಿದವರಿಗೆ ಅದು ತಿಳಿಯಲ್ಲ. ಯಾವ ಗುಂಪಿನಲ್ಲಿ ಹಾಕಿದ್ದಿರೋ ಅದೇ ಗುಂಪಿನಲ್ಲಿ 'ಆ ಸುದ್ದಿ ತಪ್ಪು, ಅವರು ಚಿಕಿತ್ಸೆಯಲ್ಲಿದ್ದಾರೆ ಅಂತ ಆಸ್ಪತ್ರೆ ಇಷ್ಟು ಗಂಟೆಗೆ ಹೇಳಿದೆ, ದಯವಿಟ್ಟು ಮುಂದೆ ಕಳಿಸಿದ್ದರೆ ತೆಗೆಯಿರಿ' ಅಂತ ಬರೆಯಿರಿ. ಬುಲೆಟಿನ್ ಇದ್ದರೆ ಅದರ ಫೋಟೊ ಜೊತೆಗಿಡಿ, ದಿನಾಂಕ ಮತ್ತು ಸಮಯ ಕಾಣುವ ಹಾಗೆ. ಅವರ ಮನೆಯವರ ಪರಿಚಯ ಇದ್ದರೂ ಆ ಹೊತ್ತಿಗೆ ಫೋನ್ ಮಾಡಿ ವಿಚಾರಿಸಬೇಡಿ, ಅವರ ಫೋನ್ ಆಗಲೇ ಬಡಿದುಕೊಳ್ಳುತ್ತಿರುತ್ತದೆ.